ಲೆಕ್ಕಕ್ಕುಂಟು, ಆಟಕ್ಕೆಷ್ಟು? ಹಾಕಿ ಇಂಡಿಯಾ ಲೀಗ್ 2024-25ರ ವಿಮರ್ಶೆ

2017ರ ನಂತರ ನಿಂತೇ ಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್ 28ರಂದು ರೂರ್ಕೆಲಾದ ಬಿರ್ಸಾ ಮುಂಡಾ ಕ್ರೀಡಾಂಗಣದಲ್ಲಿ ಮತ್ತೆ ಶುರುವಾಯಿತು. 2025ರ ಫೆಬ್ರುವರಿ 1ರ ಫೈನಲ್‌ನಲ್ಲಿ ಶ್ರಾಚಿ ರಾಢ್ ಬೆಂಗಾಲ್ ಟೈಗರ್ಸ್ 4-3ರಿಂದ ಹೈದರಾಬಾದ್ ತೂಫಾನ್ಸ್ ತಂಡವನ್ನು ಸೋಲಿಸಿ ಕಪ್ ಎತ್ತಿತು. ಪುರುಷರ ವಿಭಾಗದಲ್ಲಿ ಎಂಟು ತಂಡ, 44 ಪಂದ್ಯ. ಇದರ ಜೊತೆಗೆ ಮೊದಲ ಬಾರಿಗೆ ನಾಲ್ಕು ತಂಡಗಳ ಮಹಿಳಾ ಲೀಗ್ ಕೂಡ ರಾಂಚಿಯಲ್ಲಿ ನಡೆಯಿತು.

ನೋಡಲು ಈ ಲೀಗ್ ಹೇಗಿದೆ ಎಂದು ಕೇಳಿದರೆ ಉತ್ತರ ಸುಲಭ: ಚೆನ್ನಾಗಿದೆ, ಬಿಡದೆ ನೋಡಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ, ಹಾಕಿಯ ತವರಾದ ಸುಂದರ್‌ಗಢ ಜಿಲ್ಲೆಯ ಪ್ರೇಕ್ಷಕರು, ಬೆಲ್ಜಿಯಂ, ಜರ್ಮನಿ, ಅರ್ಜೆಂಟೀನಾದ ಒಲಿಂಪಿಕ್ ಆಟಗಾರರು ನಮ್ಮ ಹುಡುಗರ ಪಕ್ಕದಲ್ಲೇ ಓಡುವ ದೃಶ್ಯ, ಇಷ್ಟೆಲ್ಲ ಒಂದೇ ಕಡೆ ಸಿಗುವುದು ಅಪರೂಪ. ಆದರೆ ಈ ಲೀಗ್ ನಮಗೆ ಕೊಟ್ಟ ಭರವಸೆ ಬರೀ ಮನರಂಜನೆಯದಲ್ಲ. ಮುಂದಿನ ಪೀಳಿಗೆಯನ್ನು ಇಲ್ಲಿ ಬೆಳೆಸುತ್ತೇವೆ ಎಂಬ ಮಾತೂ ಅದರಲ್ಲಿತ್ತು. ಆ ಮಾತಿಗೆ ತಕ್ಕಂತೆ ತಂಡಗಳನ್ನು ಕಟ್ಟಲಾಗಿದೆಯೇ, ಅನುಭವಿಗಳಿಗೂ ಹೊಸಬರಿಗೂ ಜಾಗ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನೇ ಈ ವಿಮರ್ಶೆ ಮುಖ್ಯವಾಗಿ ನೋಡುತ್ತದೆ.

ಮೊದಲು ಆ ಋತುವಿನ ನಿಯಮ. ಪ್ರತಿ ಪುರುಷರ ತಂಡದಲ್ಲಿ 24 ಆಟಗಾರರು. ಅದರಲ್ಲಿ ಕನಿಷ್ಠ 16 ಭಾರತೀಯರು, 8 ವಿದೇಶಿಯರು. ಆ 16ರಲ್ಲಿ ನಾಲ್ವರು ಜೂನಿಯರ್ ಆಟಗಾರರು ಇರಲೇಬೇಕಿತ್ತು. ಹರಾಜಿಗೆ ಪ್ರತಿ ತಂಡದ ಥೈಲಿ ₹4 ಕೋಟಿ. ಮೂಲಬೆಲೆ ಮೂರು ಹಂತದ್ದು: ₹10 ಲಕ್ಷ, ₹5 ಲಕ್ಷ, ₹2 ಲಕ್ಷ. 2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಹರಾಜು ನಡೆಯಿತು.

ಈಗ ಗಣಿತ. ₹4 ಕೋಟಿಯನ್ನು 24ರಿಂದ ಭಾಗಿಸಿದರೆ ತಲೆಗೆ ಹೆಚ್ಚುಕಡಿಮೆ ₹16.67 ಲಕ್ಷ. ಸೂರ್ಮಾ ಹಾಕಿ ಕ್ಲಬ್ ಹರ್ಮನ್‌ಪ್ರೀತ್ ಸಿಂಗ್ ಒಬ್ಬರಿಗೇ ₹78 ಲಕ್ಷ ಕೊಟ್ಟಿತು. ಉಳಿದ ₹3.22 ಕೋಟಿಯಲ್ಲಿ 23 ಮಂದಿಯನ್ನು ತುಂಬಿಸಬೇಕು, ತಲೆಗೆ ₹14 ಲಕ್ಷ. ರಾಢ್ ಬೆಂಗಾಲ್ ಟೈಗರ್ಸ್ ಅಭಿಷೇಕ್‌ಗೆ ₹72 ಲಕ್ಷ, ಜುಗ್‌ರಾಜ್ ಸಿಂಗ್‌ಗೆ ₹48 ಲಕ್ಷ, ಸುಖ್‌ಜೀತ್ ಸಿಂಗ್‌ಗೆ ₹42 ಲಕ್ಷ ಸುರಿಯಿತು. ಮೂವರಿಗೇ ₹1.62 ಕೋಟಿ, ಅಂದರೆ ಥೈಲಿಯ ಐದರಲ್ಲಿ ಎರಡು ಪಾಲು. ಉಳಿದ 21 ಮಂದಿಗೆ ಸರಾಸರಿ ₹11.33 ಲಕ್ಷ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ಈ ಜಾಗದಲ್ಲಿ ಮೊದಲು ಕತ್ತರಿ ಬೀಳುವುದು ಯಾರಿಗೆ? ತಾರೆಗಳಿಗಲ್ಲ. ಜೂನಿಯರ್‌ಗಳಿಗೂ ಅಲ್ಲ, ಅವರ ನಾಲ್ಕು ಸ್ಥಾನ ನಿಯಮದಿಂದಲೇ ಭದ್ರ. ನಾಲ್ವರನ್ನೂ ₹2 ಲಕ್ಷದ ಮೂಲಬೆಲೆಗೆ ಹಿಡಿದರೆ ಖರ್ಚು ₹8 ಲಕ್ಷ, ಥೈಲಿಯ ಶೇ 2 ಮಾತ್ರ. ಪೆಟ್ಟು ಬೀಳುವುದು ನಡುವಿನವರಿಗೆ. ಇಪ್ಪತ್ತೆಂಟರಿಂದ ಮೂವತ್ತೆರಡರ ಪ್ರಾಯ, ದೇಶಕ್ಕಾಗಿ ಹಲವಾರು ಪಂದ್ಯ ಆಡಿದ ಅನುಭವ, ಮೊದಲ ಹನ್ನೊಂದರಲ್ಲಿ ಖಾಯಂ ಜಾಗವಿಲ್ಲ, ಆದರೂ ಎರಡು ಮೂರು ಜಾಗದಲ್ಲಿ ಕಣ್ಣುಮುಚ್ಚಿ ನಿಲ್ಲಿಸಬಹುದಾದ ಆಟಗಾರ. 24ರಲ್ಲಿ 8 ವಿದೇಶಿಯರನ್ನೂ 4 ಜೂನಿಯರ್‌ಗಳನ್ನೂ ಕಳೆದರೆ ಇಂಥವರಿಗೂ ತಾರೆಗಳಿಗೂ ಸೇರಿ ಉಳಿಯುವುದು 12 ಸ್ಥಾನ.

ಇಂಥ ಬೆಂಚಿನ ಆಟಗಾರನ ಬೆಲೆ ಗೊತ್ತಾಗುವುದು ಅವನು ಇಲ್ಲದಿದ್ದಾಗ. ಪ್ಯಾರಿಸ್ ಒಲಿಂಪಿಕ್ಸ್ ಇದಕ್ಕೆ ಒಳ್ಳೆಯ ಪಾಠ. ಒಲಿಂಪಿಕ್ಸ್ ತಂಡದಲ್ಲಿ 16 ಮಂದಿ ಮಾತ್ರ. ಭಾರತದ 16ರಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಒಬ್ಬರೇ, ಉಳಿದ 15 ಮಂದಿ ಹೊರಗಿನ ಆಟಗಾರರು, ಅಂದರೆ ಗೋಲು ಬಿಟ್ಟು ಮೈದಾನದಲ್ಲಿ ಆಡುವವರು. 60 ನಿಮಿಷ, ಕೀಪರ್ ಬಿಟ್ಟು 10 ಜಾಗ, ಒಟ್ಟು 600 ಆಟಗಾರ-ನಿಮಿಷ. 15 ಮಂದಿಗೆ ಹಂಚಿದರೆ ತಲೆಗೆ 40 ನಿಮಿಷ. 2024ರ ಆಗಸ್ಟ್ 4ರಂದು ಬ್ರಿಟನ್ ವಿರುದ್ಧದ ಕ್ವಾರ್ಟರ್‌ಫೈನಲ್‌ನ 17ನೇ ನಿಮಿಷಕ್ಕೆ ಡಿಫೆಂಡರ್ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರನಡೆದರು. ಉಳಿದ 43 ನಿಮಿಷ ಭಾರತ ಹತ್ತೇ ಮಂದಿಯಲ್ಲಿ ಆಡಿತು. ಮನ್‌ಪ್ರೀತ್ ಸಿಂಗ್ ಮಿಡ್‌ಫೀಲ್ಡ್ ಬಿಟ್ಟು ಹಿಂದಕ್ಕೆ ಇಳಿದು ರಕ್ಷಣೆಗೆ ನಿಂತರು. 1-1ರ ಸಮಬಲ, ಶೂಟೌಟ್‌ನಲ್ಲಿ 4-2ರ ಗೆಲುವು. ಆ ಗೆಲುವಿನ ಹಿಂದೆ ಶ್ರೀಜೇಶ್ ಜೊತೆ ಮನ್‌ಪ್ರೀತ್ ಅವರ ಆ ಸ್ಥಾನಪಲ್ಲಟವೂ ಇದೆ. ನಾಲ್ಕನೇ ಒಲಿಂಪಿಕ್ಸ್ ಆಡುತ್ತಿದ್ದವರಿಗೆ ಮಾತ್ರ ಒಂದು ಕೂಗಿಗೆ ಹಾಗೆ ಜಾಗ ಬದಲಿಸಲು ಸಾಧ್ಯ.

ಸೆಮಿಫೈನಲ್‌ಗೆ ರೋಹಿದಾಸ್ ಮೇಲೆ ನಿಷೇಧ. ಈಗ ಹೊರಗಿನ ಆಟಗಾರರು 14, ತಲೆಗೆ 43 ನಿಮಿಷದ ಹತ್ತಿರ. ಮೂರು ನಿಮಿಷ ಹೆಚ್ಚಾದದ್ದು ದೊಡ್ಡ ವಿಷಯವಲ್ಲ. ದೊಡ್ಡ ನಷ್ಟ ಬೇರೆಯದು. ಪೆನಾಲ್ಟಿ ಕಾರ್ನರ್ ಎಂದರೆ ಗೋಲಿನ ಹತ್ತಿರ ನಡೆದ ತಪ್ಪಿಗೆ ಎದುರಾಳಿಗೆ ಸಿಗುವ ಗೋಲಿನ ಅವಕಾಶ. ಅದರ ರಕ್ಷಣೆಯಲ್ಲಿ ಮೊದಲಿಗರಾಗಿ ನುಗ್ಗುತ್ತಿದ್ದವರು ರೋಹಿದಾಸ್. ಅವರಿಲ್ಲದ ಆ ಪಂದ್ಯದ 18ನೇ ನಿಮಿಷದಲ್ಲಿ ಜರ್ಮನಿಯ ಗೊನ್ಸಾಲೊ ಪೆಯಾಟ್ ಪೆನಾಲ್ಟಿ ಕಾರ್ನರ್‌ನಿಂದ ಸಮಬಲ ಸಾಧಿಸಿದರು. ಭಾರತ 2-3ರಲ್ಲಿ ಸೋತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈ ಮೊದಲ ನುಗ್ಗುಗಾರನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅನುಭವಿ ಬೇಕೋ ಹೊಸಬ ಬೇಕೋ ಎಂಬ ಪ್ರಶ್ನೆ ಮೈದಾನದಲ್ಲಿ ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣುವುದಿಲ್ಲ. ಅಂಪೈರ್ ಪೆನಾಲ್ಟಿ ಕಾರ್ನರ್ ಕೊಟ್ಟ ಕೂಡಲೇ ಗಡಿಯಾರ 40 ಸೆಕೆಂಡು ನಿಲ್ಲುತ್ತದೆ. ಅಷ್ಟರಲ್ಲಿ ರಕ್ಷಕರು ಗೋಲಿನ ಹಿಂದೆ ಇಟ್ಟ ಚೀಲದಿಂದ ಮುಖವಾಡ, ಗ್ಲೌಸ್, ಮಂಡಿ ಪ್ಯಾಡ್ ತೆಗೆದು ಬಿಗಿದುಕೊಳ್ಳಬೇಕು. ಕೀಪರ್ ಸೇರಿ ಐವರು ಮಾತ್ರ ಗೋಲ್‌ಲೈನ್ ಹಿಂದೆ, ಉಳಿದವರೆಲ್ಲ ನಡುಗೆರೆಯಾಚೆ. ಎದುರಾಳಿ ಗೋಲ್‌ಲೈನ್ ಬದಿಯಿಂದ ಚೆಂಡು ಹೊರತಳ್ಳಿದ ಕ್ಷಣ ಮೊದಲಿಗ 14.63 ಮೀಟರ್ ಆಚೆಯ, ಗೋಲಿನ ಮುಂದಿನ ಸರ್ಕಲ್ ಅಂಚಿಗೆ ನೇರವಾಗಿ ಓಡಬೇಕು, ಚೆಂಡನ್ನು ಗೋಲಿನತ್ತ ಎಳೆದು ಎಸೆಯುವ ಫ್ಲಿಕರ್‌ನ ಕೋಲು ಮತ್ತು ತನ್ನ ಕೀಪರ್ ನಡುವೆ ಯಾವ ಸಾಲನ್ನು ತಾನು ಮುಚ್ಚಬೇಕೆಂದು ಮೊದಲೇ ಮಾತಾಗಿರಬೇಕು. ಸಾಲು ಒಂದು ಹೆಜ್ಜೆ ತಪ್ಪಿದರೆ ಎರಡು ತೊಂದರೆ: ಚೆಂಡು ಮೈಗೆ ಬೀಳುತ್ತದೆ, ಇಲ್ಲವೇ ಕೀಪರ್ ಕಣ್ಣಿಗೆ ಅಡ್ಡವಾಗುತ್ತದೆ. ಬೇಗ ಹೊರಟರೆ ಇನ್ನೂ ಕೆಟ್ಟದ್ದು, ನಡುಗೆರೆಯ ಆಚೆ ಹೋಗಿ ನಿಲ್ಲಬೇಕಾಗುತ್ತದೆ, ರಕ್ಷಣೆಯಲ್ಲಿ ಒಬ್ಬ ಕಡಿಮೆ.

ಇದರ ಮೇಲೆ ಇನ್ನೊಂದು ನಿಯಮ. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಆದರೆ ಪೆನಾಲ್ಟಿ ಕಾರ್ನರ್ ಕೊಟ್ಟ ಮೇಲೆ ಅದು ಮುಗಿಯುವ ತನಕ ಬದಲಾವಣೆಗೆ ಅವಕಾಶವಿಲ್ಲ. ರಕ್ಷಣೆಯ ಕೀಪರ್ ಗಾಯಗೊಂಡರೆ ಅಥವಾ ಅಮಾನತಾದರೆ ಮಾತ್ರ ವಿನಾಯಿತಿ. ಅಂದರೆ ನಿಮ್ಮ ಒಳ್ಳೆಯ ನುಗ್ಗುಗಾರ ಆ ಹೊತ್ತಿಗೆ ಬೆಂಚಿನಲ್ಲಿ ನೀರು ಕುಡಿಯುತ್ತಿದ್ದರೆ ಕುಡಿಯುತ್ತಲೇ ಇರಬೇಕು. ಟರ್ಫ್ ಮೇಲೆ ಇರುವ ಇಪ್ಪತ್ತರ ಹುಡುಗನೇ ಮುಖವಾಡ ಹಾಕಿಕೊಳ್ಳಬೇಕು. ಆದ್ದರಿಂದ ಅನುಭವಿಗಳನ್ನು ಯಾವ ಜೋಡಿಯಲ್ಲಿ ಹೊರಗೆ ಕರೆಯುತ್ತೀರಿ ಎಂಬುದು ಕೋಚ್‌ನ ನಿಜವಾದ ಪರೀಕ್ಷೆ. ಇಬ್ಬರು ನುಗ್ಗುಗಾರರು ಒಟ್ಟಿಗೆ ಬೆಂಚಿಗೆ ಬಾರದಂತೆ, ಫ್ಲಿಕರ್ ಮತ್ತು ಚೆಂಡು ನಿಲ್ಲಿಸುವವರು ಒಟ್ಟಿಗೆ ಹೊರಗಿರದಂತೆ ಸರದಿ ಹಾಕಬೇಕು. ಲೀಗ್‌ನಲ್ಲಿ ತಂಡಗಳು ಎಡವುವುದು ಬಹಳ ಸಲ ಇಲ್ಲೇ. ಒಂದು ವಾರದ ಹಿಂದೆ ಸೇರಿದ 24 ಮಂದಿ, ನಾಲ್ಕೈದು ಭಾಷೆ, ಸರದಿಯ ಲೆಕ್ಕ ಕೂಡಿಬರಲು ಕೆಲವು ಪಂದ್ಯವೇ ಹಿಡಿಯುತ್ತದೆ.

ಇನ್ನು ಫೈನಲ್‌ಗೆ ಬರೋಣ. ಅನುಭವಿ ಮತ್ತು ಹೊಸಬರ ಜೋಡಿ ಹೇಗಿರಬೇಕು ಎಂಬುದಕ್ಕೆ ಆ ಒಂದು ಪಂದ್ಯವೇ ಸಾಕು. ಹೈದರಾಬಾದ್ ಪರ ಮೊದಲ ಗೋಲು 9ನೇ ನಿಮಿಷದಲ್ಲಿ ಪೆಯಾಟ್ ಅವರದ್ದು. 2016ರ ರಿಯೋದಲ್ಲಿ ಅರ್ಜೆಂಟೀನಾಕ್ಕೆ ಒಲಿಂಪಿಕ್ ಚಿನ್ನ, 2023ರಲ್ಲಿ ಒಡಿಶಾದಲ್ಲೇ ಜರ್ಮನಿಗೆ ವಿಶ್ವಕಪ್, ಇದು ಅವರ ದಾಖಲೆ. ಅವರಿಗೆ ಹೈದರಾಬಾದ್ ₹68 ಲಕ್ಷ ಕೊಟ್ಟಿತ್ತು. 26ನೇ ನಿಮಿಷದಲ್ಲಿ ಅದೇ ತಂಡಕ್ಕೆ ಗೋಲು ತಂದವರು ಯುವ ಡಿಫೆಂಡರ್ ಅಮನ್‌ದೀಪ್ ಲಾಕ್ರಾ. ಅತ್ತ ಬೆಂಗಾಲ್ ತಂಡದ ನಾಯಕ ರೂಪಿಂದರ್ ಪಾಲ್ ಸಿಂಗ್, ಟೋಕಿಯೊ ಕಂಚಿನ ನಂತರ 2021ರಲ್ಲೇ ಅಂತಾರಾಷ್ಟ್ರೀಯ ಹಾಕಿಗೆ ವಿದಾಯ ಹೇಳಿದ್ದ ಡ್ರ್ಯಾಗ್ ಫ್ಲಿಕರ್. ಅದೇ ತಂಡದಲ್ಲಿ ಅವರ ಜೊತೆಗೆ ಇನ್ನೊಬ್ಬ ಫ್ಲಿಕರ್ ಜುಗ್‌ರಾಜ್ ಸಿಂಗ್. 25, 32, 35ನೇ ನಿಮಿಷಗಳಲ್ಲಿ ಜುಗ್‌ರಾಜ್ ಹ್ಯಾಟ್ರಿಕ್. ಹೈದರಾಬಾದ್‌ನ ಜೇಕಬ್ ಆ್ಯಂಡರ್ಸನ್ 39ರಲ್ಲಿ 3-3 ಮಾಡಿದರು. 54ರಲ್ಲಿ ಸ್ಯಾಮ್ ಲೇನ್ ಗೆಲುವಿನ ಗೋಲು ಹೊಡೆದರು.

ಜುಗ್‌ರಾಜ್ ಯಾರು? ಪ್ಯಾರಿಸ್‌ಗೆ ಹೋದ 16ರಲ್ಲಿ ಇರಲಿಲ್ಲ, ಮೀಸಲು ಮೂವರಲ್ಲಿ ಒಬ್ಬರು. ಒಲಿಂಪಿಕ್ಸ್ ಮುಗಿದ ತಿಂಗಳೊಪ್ಪತ್ತಿನಲ್ಲಿ ಚೀನಾದಲ್ಲಿ ನಡೆದ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನ ಒಂದೇ ಒಂದು ಗೋಲು ಅವರದ್ದು. ಲೀಗ್‌ನಲ್ಲಿ 12 ಗೋಲು, ಅತಿ ಹೆಚ್ಚು. ಹರಾಜಿನಲ್ಲಿ ₹48 ಲಕ್ಷ ಸಿಕ್ಕರೂ ರಾಷ್ಟ್ರೀಯ ತಂಡದ ಮಟ್ಟಿಗೆ ತಾರೆಯೂ ಅಲ್ಲ, ಹೊಸಬನೂ ಅಲ್ಲ, ನಡುವಿನ ಸಾಲಿನ ಆಟಗಾರ. ಲೀಗ್‌ನಿಂದ ಲಾಭವಾಗುವುದಾದರೆ ಅದು ಮೊದಲು ಈ ಸಾಲಿಗೆ ಎಂದು ಈ ಋತು ತೋರಿಸಿಕೊಟ್ಟಿತು. ರಾಷ್ಟ್ರೀಯ ತಂಡದಲ್ಲಿ ಮುಖ್ಯ ಫ್ಲಿಕರ್ ಹರ್ಮನ್‌ಪ್ರೀತ್ ಇರುವ ತನಕ ಮೊದಲ ಫ್ಲಿಕ್ ಜುಗ್‌ರಾಜ್‌ಗೆ ಸಿಗುವುದು ಕಷ್ಟ. ಲೀಗ್‌ನಲ್ಲಿ ಅದು ಸಿಕ್ಕಿತು.

ಜೂನಿಯರ್‌ಗಳ ಕಥೆ ಅಷ್ಟು ನೇರವಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬುದು ನಮ್ಮ ಮಾತು. 24ರ ಪಟ್ಟಿಯ ನಾಲ್ಕು ಜೂನಿಯರ್ ಸ್ಥಾನಗಳಿಗೆ ಅದನ್ನು ತಿರುಗಿಸಿ ಹೇಳಬೇಕು: ಲೆಕ್ಕಕ್ಕುಂಟು, ಆಟಕ್ಕೆ ಎಷ್ಟೆಂದು ಆ ನಿಯಮ ಹೇಳುವುದಿಲ್ಲ. ಅದು ಖರೀದಿಯನ್ನು ಕಡ್ಡಾಯ ಮಾಡುತ್ತದೆ, ಟರ್ಫ್ ಮೇಲಿನ ನಿಮಿಷವನ್ನಲ್ಲ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಸಾಮಾನ್ಯವಾದ 18ರ ಪಟ್ಟಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ 24ರಲ್ಲಿ ಆರು ಮಂದಿ ಪ್ರತಿ ಪಂದ್ಯವೂ ಗ್ಯಾಲರಿಯಲ್ಲಿ. ಆ ಆರರಲ್ಲಿ ನಾಲ್ಕು ಯಾರಾಗಬಹುದು ಎಂದು ಊಹಿಸಲು ಹೆಚ್ಚು ಹೊತ್ತು ಬೇಡ. ₹3 ಕೋಟಿಯ ಪ್ರಶಸ್ತಿ ಹಣ ಎದುರಿಗಿದ್ದಾಗ, ನಾಲ್ಕನೇ ಕ್ವಾರ್ಟರ್‌ನಲ್ಲಿ ಒಂದು ಗೋಲಿನ ಅಂತರ ಇದ್ದಾಗ, ಯಾವ ಕೋಚ್ ಕೂಡ ಹತ್ತೊಂಬತ್ತರ ಹುಡುಗನನ್ನು ಕಳಿಸುವುದಿಲ್ಲ. ಅವರನ್ನು ದೂರುವಂತೆಯೂ ಇಲ್ಲ, ಅವರ ಕೆಲಸ ಗೆಲ್ಲುವುದು.

ಇದಕ್ಕೆ ಅಪವಾದವೂ ಇದೆ, ಅದೂ ದುಬಾರಿಯ ಅಪವಾದ. ಟೀಮ್ ಗೋನಾಸಿಕ ತಂಡ ಮನ್‌ಪ್ರೀತ್ ಸಿಂಗ್‌ಗೆ ₹42 ಲಕ್ಷ ಕೊಟ್ಟಿತು, ಜೂನಿಯರ್ ಫಾರ್ವರ್ಡ್ ಅರೈಜೀತ್ ಸಿಂಗ್ ಹುಂದಲ್‌ಗೂ ₹42 ಲಕ್ಷ ಕೊಟ್ಟಿತು. ಒಂದೇ ತಂಡ, ಒಂದೇ ಬೆಲೆ. ಒಬ್ಬರು 2011ರಿಂದ ದೇಶಕ್ಕೆ ಆಡುತ್ತಿರುವವರು, ಇನ್ನೊಬ್ಬರು ಆಗಷ್ಟೇ ಇಪ್ಪತ್ತು ಮುಟ್ಟಿದವರು. ಹರಾಜಾದ ಎರಡು ತಿಂಗಳೊಳಗೆ ಮಸ್ಕತ್‌ನಲ್ಲಿ ನಡೆದ ಜೂನಿಯರ್ ಏಷ್ಯಾ ಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಭಾರತ 5-3ರಲ್ಲಿ ಗೆದ್ದಾಗ ಅದರಲ್ಲಿ ನಾಲ್ಕು ಗೋಲು ಹುಂದಲ್ ಅವರದ್ದು. ಅಷ್ಟು ಹಣ ಹಾಕಿದ ಮೇಲೆ ಯಾರೂ ಬೆಂಚಿನಲ್ಲಿ ಕೂರಿಸುವುದಿಲ್ಲ. ಅಂದರೆ ಜೂನಿಯರ್‌ಗೆ ನಿಮಿಷ ತಂದುಕೊಟ್ಟದ್ದು ನಿಯಮವಲ್ಲ, ಬೆಲೆ. ₹2 ಲಕ್ಷಕ್ಕೆ ಬಂದವನಿಗೆ ಆ ಬಲ ಇಲ್ಲ.

ಉತ್ತರ ಅಮೆರಿಕದ ಐಸ್ ಹಾಕಿಯವರು ಈ ತೊಡಕನ್ನು ಬೇರೆ ರೀತಿ ಬಿಡಿಸಿದ್ದಾರೆ, ಗಮನಿಸುವಂತಿದೆ. ಅಲ್ಲಿನ ಅಗ್ರ ಲೀಗ್ ಎನ್‌ಎಚ್‌ಎಲ್‌ನ (ನ್ಯಾಷನಲ್ ಹಾಕಿ ಲೀಗ್) ಕೆಳಗಿನ ಹಂತವಾದ ಅಮೆರಿಕನ್ ಹಾಕಿ ಲೀಗ್‌ನಲ್ಲಿ ಪಂದ್ಯದ ದಿನ ಕೀಪರ್‌ಗಳನ್ನು ಬಿಟ್ಟು ಕಣಕ್ಕಿಳಿಯುವ 18 ಮಂದಿಯಲ್ಲಿ 13 ಮಂದಿ ಬೆಳವಣಿಗೆಯ ಹಂತದ ಆಟಗಾರರಾಗಿರಬೇಕು. ಆ 13ರಲ್ಲಿ 12 ಮಂದಿ 260 ವೃತ್ತಿಪರ ಪಂದ್ಯ ದಾಟಿರಬಾರದು, ಒಬ್ಬರಿಗೆ 320ರವರೆಗೆ ಅವಕಾಶ. ಉಳಿದ ಐದು ಜಾಗಕ್ಕೆ ಎಷ್ಟು ಹಿರಿಯರನ್ನು ಬೇಕಾದರೂ ತನ್ನಿ. ಇಲ್ಲಿ ಎರಡು ಜಾಣತನ ಇದೆ. ಮೊದಲನೆಯದು, ಎಣಿಕೆ ಋತುವಿನ ಪಟ್ಟಿಯ ಮೇಲಲ್ಲ, ಆ ದಿನದ ಪಂದ್ಯದ ಹಾಳೆಯ ಮೇಲೆ. ಎರಡನೆಯದು, ಅಳತೆ ವಯಸ್ಸಿನದ್ದಲ್ಲ, ಆಡಿದ ಪಂದ್ಯಗಳದ್ದು. ತಡವಾಗಿ ಅರಳಿದ ಇಪ್ಪತ್ತೈದರ ಆಟಗಾರನಿಗೂ ಅಲ್ಲಿ ಜಾಗ ಇದೆ. ಹಾಗೆಂದು ಐದು ಜಾಗಕ್ಕೆ ಬರುವ ಹಿರಿಯರು ಸುಮ್ಮನೆ ಬರುವುದಿಲ್ಲ, ಸಾಮಾನ್ಯವಾಗಿ ನಾಯಕತ್ವಕ್ಕೆ, ಹುಡುಗರ ಪಕ್ಕ ನಿಂತು ದಾರಿ ತೋರುವುದಕ್ಕೆ ಅವರನ್ನು ಆರಿಸುತ್ತಾರೆ.

ಅದನ್ನು ಹಾಗೆಯೇ ತಂದು ಇಲ್ಲಿ ಅಂಟಿಸಲಾಗದು. ಅಲ್ಲಿ ಋತುವಿಗೆ ಎಪ್ಪತ್ತಕ್ಕೂ ಹೆಚ್ಚು ಪಂದ್ಯ, ಇಲ್ಲಿ 2024-25ರಲ್ಲಿ ಪ್ರತಿ ತಂಡಕ್ಕೆ ಸೆಮಿಫೈನಲ್‌ಗೆ ಮೊದಲು 10. ಪ್ರತಿ ಪಂದ್ಯಕ್ಕೂ ಇಷ್ಟು ಜೂನಿಯರ್ ಎಂದು ಕಟ್ಟುಹಾಕಿದರೆ ಸ್ನಾಯು ಹಿಡಿದುಕೊಂಡ ಹುಡುಗನನ್ನೂ ಹೆಸರಿಗೆ ಇಳಿಸುವ ಅಪಾಯ ಇದೆ. ಅದಕ್ಕಿಂತ ಒಟ್ಟು ನಿಮಿಷದ ಲೆಕ್ಕ ಒಳ್ಳೆಯದು. ಹತ್ತು ಪಂದ್ಯಕ್ಕೆ ಹೊರಗಿನ ಆಟಗಾರರ ಒಟ್ಟು ಆಟ 6,000 ನಿಮಿಷ. ನಾಲ್ವರು ಜೂನಿಯರ್‌ಗಳಿಗೆ ತಲಾ 120 ನಿಮಿಷ ಕಡ್ಡಾಯ ಮಾಡಿದರೆ 480, ಒಟ್ಟು ಆಟದ ಶೇ 8. ಪಂದ್ಯಕ್ಕೆ ಸರಾಸರಿ 12 ನಿಮಿಷ. 18ರ ಪಟ್ಟಿಯಲ್ಲಿ ಇಬ್ಬರು ಕೀಪರ್ ಬಿಟ್ಟರೆ ಉಳಿದವರ ಸರಾಸರಿ 37.5 ನಿಮಿಷ, ಅದರ ಮೂರನೇ ಒಂದು ಭಾಗಕ್ಕೂ ಇದು ಕಡಿಮೆ. ಯಾವ ತಂಡದ ಗೆಲುವೂ ಇದರಿಂದ ಹಾಳಾಗದು. ಒಂದು ಎಚ್ಚರ ಮಾತ್ರ ಬೇಕು: ನಿಮಿಷವನ್ನು ಮೊದಲ ಮೂರು ಕ್ವಾರ್ಟರ್‌ಗಳಲ್ಲಿ ಮಾತ್ರ ಎಣಿಸಬೇಕು. ಇಲ್ಲದಿದ್ದರೆ 5-1ರಲ್ಲಿ ಮುಗಿದುಹೋದ ಪಂದ್ಯದ ಕೊನೆಯ ಹತ್ತು ನಿಮಿಷಕ್ಕೆ ನಾಲ್ವರನ್ನೂ ಒಟ್ಟಿಗೆ ಇಳಿಸಿ ಲೆಕ್ಕ ತುಂಬಿಸುತ್ತಾರೆ. ಅಂಥ ನಿಮಿಷದಲ್ಲಿ ಕಲಿಯುವುದು ಏನೂ ಇಲ್ಲ. ಎದುರಾಳಿಯೂ ಒತ್ತಡ ಬಿಟ್ಟಿರುತ್ತಾನೆ, ಜೊತೆಗಾರರೂ ಬಿಟ್ಟಿರುತ್ತಾರೆ.

ಎಲ್ಲಿ ಇಳಿಸಬೇಕು ಎಂಬುದೂ ಮುಖ್ಯ. ಹೊಸಬನಿಗೆ ಒಳ್ಳೆಯ ಜಾಗ ಅಂಚಿನ ಫಾರ್ವರ್ಡ್ ಅಥವಾ ಅಂಚಿನ ಹಾಫ್. ಒಂದು ಬದಿಗೆ ಗೆರೆ ಇರುವುದರಿಂದ ತಪ್ಪು ನಡೆದರೂ ಚೆಂಡು ಹೊರಹೋಗುತ್ತದೆ, ಎದುರಾಳಿ ನೇರ ಗೋಲಿಗೆ ನುಗ್ಗುವುದಿಲ್ಲ. ನಡುವಿನ ಡಿಫೆನ್ಸ್‌ನಲ್ಲಿ ಅದೇ ತಪ್ಪು ನಡೆದರೆ ಎರಡೇ ಪಾಸಿನಲ್ಲಿ ಗೋಲು. ಆ ಜಾಗಕ್ಕೆ ಹಿರಿಯರೇ ಬೇಕು, ಹುಡುಗನನ್ನು ಹಾಕುವುದಾದರೆ ಪಕ್ಕದಲ್ಲಿ ಬಾಯಿ ಬಿಟ್ಟು ಕೂಗುವ ಅನುಭವಿ ಇರಲೇಬೇಕು. ಎಂಟು ನಿಮಿಷ ಓಟ, ನಾಲ್ಕು ನಿಮಿಷ ವಿಶ್ರಾಂತಿ, ಮತ್ತೆ ಎಂಟು ನಿಮಿಷ, ಹೀಗೆ ಒಬ್ಬ ಹಿರಿಯ ಒಬ್ಬ ಕಿರಿಯ ಒಂದೇ ಜಾಗವನ್ನು ಹಂಚಿಕೊಂಡರೆ ಬೆಂಚಿಗೆ ಬಂದ ಹುಡುಗ ಅದೇ ಜಾಗದಲ್ಲಿ ಹಿರಿಯ ಏನು ಮಾಡುತ್ತಿದ್ದಾನೆಂದು ನಾಲ್ಕು ನಿಮಿಷ ನೋಡುತ್ತಾನೆ. ವಿಡಿಯೊ ಕೊಠಡಿಯಲ್ಲಿ ಗಂಟೆಗಟ್ಟಲೆ ಕೂತರೂ ಸಿಗದ ಪಾಠ ಅದು.

ಕೀಪರ್‌ಗಳ ವಿಷಯದಲ್ಲಿ ಲೀಗ್‌ಗೆ ಕಡಿಮೆ ಅಂಕ ಕೊಡಬೇಕಾಗುತ್ತದೆ. ಹೊರಗಿನ ಆಟಗಾರನನ್ನು ಸರದಿಯಲ್ಲಿ ಇಳಿಸಬಹುದು, ಕೀಪರ್ ಮಾತ್ರ ಸಾಮಾನ್ಯವಾಗಿ ಒಬ್ಬನೇ 60 ನಿಮಿಷ. ಶ್ರೀಜೇಶ್ ಪ್ಯಾರಿಸ್ ಕಂಚಿನೊಂದಿಗೆ ನಿವೃತ್ತರಾದರು, ಅವರ 16ನೇ ಸಂಖ್ಯೆಯ ಅಂಗಿಗೂ ನಿವೃತ್ತಿ ಕೊಡಲಾಯಿತು. ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಕಾಯುವ ಸಾಲಿನಲ್ಲೇ ಇದ್ದ ಕೃಷನ್ ಪಾಠಕ್‌ಗೆ ಕಳಿಂಗ ಲ್ಯಾನ್ಸರ್ಸ್ ₹32 ಲಕ್ಷ, ಸೂರಜ್ ಕರ್ಕೇರಗೆ ಗೋನಾಸಿಕ ₹22 ಲಕ್ಷ ಕೊಟ್ಟದ್ದು ಒಳ್ಳೆಯ ನಡೆ. ಆದರೆ ತಮಿಳುನಾಡು ಡ್ರ್ಯಾಗನ್ಸ್ ಐರ್ಲೆಂಡ್‌ನ ಡೇವಿಡ್ ಹಾರ್ಟ್‌ಗೆ ₹32 ಲಕ್ಷ, ಹೈದರಾಬಾದ್ ಜರ್ಮನಿಯ ಜ್ಯಾಂ-ಪೌಲ್ ಡಾನೆಬರ್ಗ್‌ಗೆ ₹27 ಲಕ್ಷ ಕೊಟ್ಟವು. ವಿದೇಶಿ ಕೀಪರ್‌ಗೆ ಅಷ್ಟು ಹಣ ಕೊಟ್ಟ ತಂಡದಲ್ಲಿ ಭಾರತದ ಎರಡನೇ ಕೀಪರ್ ಅಭ್ಯಾಸದಲ್ಲಿ ಚೆಂಡು ತಡೆಯುತ್ತಾ ಋತು ಕಳೆಯುತ್ತಾನೆ. ಎಂಟು ತಂಡ ಎಂದರೆ ಎಂಟೇ ಖಾಯಂ ಕೀಪರ್ ಜಾಗ. ಮುಂದಿನ ಶ್ರೀಜೇಶ್ ಬೇಕೆಂದರೆ ಪ್ರತಿ ತಂಡವೂ ಕನಿಷ್ಠ ಮೂರು ಪಂದ್ಯಕ್ಕೆ ಭಾರತೀಯ ಕೀಪರ್ ನಿಲ್ಲಿಸಲಿ ಎಂಬುದು ದೊಡ್ಡ ಬೇಡಿಕೆಯೇನಲ್ಲ.

ಆ ಋತುವಿನ ಮಹಿಳಾ ಲೀಗ್ ಚಿಕ್ಕದಾಗಿತ್ತು, ₹2 ಕೋಟಿ ಥೈಲಿ, ನಾಲ್ಕೇ ತಂಡ. ಆದರೂ ಹೊಸಬರಿಗೆ ಜಾಗ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಅದು ಹೆಚ್ಚು ಸ್ಪಷ್ಟವಾಗಿ ತೋರಿಸಿತು. 2025ರ ಜನವರಿ 26ರ ಫೈನಲ್‌ನಲ್ಲಿ ಒಡಿಶಾ ವಾರಿಯರ್ಸ್ ಸೂರ್ಮಾವನ್ನು 2-1ರಲ್ಲಿ ಸೋಲಿಸಿತು. ಎರಡೂ ಗೋಲು ಮಹಾರಾಷ್ಟ್ರದ ರುತುಜಾ ಪಿಸಾಳ ಅವರದ್ದು. ಅದೇ ವರ್ಷ ಅವರಿಗೆ ರಾಷ್ಟ್ರೀಯ ತಂಡದ ಕರೆ ಬಂತು. ಮಹಿಳೆಯರ ತಂಡ ಪ್ಯಾರಿಸ್‌ಗೆ ಅರ್ಹತೆ ಪಡೆಯದೆ ಹೊಸದಾಗಿ ಕಟ್ಟಬೇಕಾದ ಹೊತ್ತಿನಲ್ಲಿ ಲೀಗ್ ಸಿಕ್ಕಿದ್ದು ಒಳ್ಳೆಯದೇ ಆಯಿತು. ತಂಡಗಳ ಸಂಖ್ಯೆ ಹೆಚ್ಚಬೇಕು.

ಕನ್ನಡಿಗರಿಗೆ ಮಾತ್ರ ಒಂದು ನೋವು ಉಳಿಯುತ್ತದೆ. ಆ ಋತುವಿನ ಎಂಟು ಪುರುಷರ ತಂಡಗಳಲ್ಲಿ ಕರ್ನಾಟಕದ ಹೆಸರಿನ ಒಂದೂ ಇರಲಿಲ್ಲ. ರಾಷ್ಟ್ರೀಯ ಶಿಬಿರ ನಡೆಯುವುದು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯರಿಂದ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್‌ವರೆಗೆ ಒಲಿಂಪಿಯನ್ನರನ್ನು ಕೊಟ್ಟ ಕೊಡಗು ನಮ್ಮಲ್ಲಿದೆ. ಹಳೆಯ ಲೀಗ್‌ನಲ್ಲೂ ರಘುನಾಥ್ ಉತ್ತರ ಪ್ರದೇಶ ವಿಝಾರ್ಡ್ಸ್‌ಗೆ, ಸುನಿಲ್ ಪಂಜಾಬ್ ವಾರಿಯರ್ಸ್‌ಗೆ ಆಡಿದರು. ತವರಿನ ತಂಡ ಇದ್ದರೆ ಪೊನ್ನಂಪೇಟೆಯ ಟರ್ಫ್‌ನಲ್ಲಿ ಬೆಳೆದ ಹುಡುಗನಿಗೆ ಅಲ್ಲಿನ ಜೂನಿಯರ್ ಸ್ಥಾನಕ್ಕೆ ಕಣ್ಣಿಡುವುದು ಸುಲಭವಾಗುತ್ತಿತ್ತು. ಹಿರಿಯ ಕಿರಿಯರು ಒಂದೇ ಹಾಳೆಯಲ್ಲಿ ಬರುವ ಪಾಠವೂ ಅಲ್ಲಿಯದೇ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆದಿತ್ತು. ಅಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ಒಕ್ಕದ (ಮನೆತನದ) ತಂಡದಲ್ಲಿ ಕೋಲು ಹಿಡಿಯುತ್ತಾರೆ. ಇಳಿವಯಸ್ಸಿನವರು ಹಿಂದೆ ನಿಂತು ಚೆಂಡು ಹಂಚುತ್ತಾರೆ, ಓಟವೆಲ್ಲ ಹುಡುಗರದ್ದು.

ಮುಂದಿನ ಋತುವನ್ನು ನೋಡಲು ಕೂತಾಗ ಒಂದು ಕಾಗದ, ಒಂದು ಪೆನ್ನು ಇಟ್ಟುಕೊಳ್ಳಿ. ನಿಮ್ಮ ತಂಡದ ಜೂನಿಯರ್‌ಗಳ ಅಂಗಿಯ ಸಂಖ್ಯೆ ಬರೆದುಕೊಳ್ಳಿ. ಒಬ್ಬೊಬ್ಬರೂ ಯಾವ ಕ್ವಾರ್ಟರ್‌ನ ಯಾವ ನಿಮಿಷಕ್ಕೆ ಬಂದರು, ಯಾವ ನಿಮಿಷಕ್ಕೆ ಹೋದರು ಎಂದು ಗುರುತು ಹಾಕಿ. ಬದಲಾವಣೆ ಬೆಂಚಿನ ಕಡೆಯ ನಡುಗೆರೆಯ ಹತ್ತಿರವೇ ಆಗುವುದರಿಂದ ಕ್ಯಾಮೆರಾ ಅಲ್ಲಿಗೆ ತಿರುಗದಿದ್ದರೂ ಚೆಂಡಿನಿಂದ ಕಣ್ಣು ತೆಗೆದು ಆಗಾಗ ಆ ಜಾಗ ನೋಡಿದರೆ ಸಾಕು. ಪೆನಾಲ್ಟಿ ಕಾರ್ನರ್ ಬಂದಾಗ ಮುಖವಾಡ ಹಾಕಿಕೊಂಡವರ ಸಂಖ್ಯೆಯನ್ನೂ ಬರೆಯಿರಿ. ಮೂರು ಪಂದ್ಯವಾದ ಮೇಲೆ ಆ ಕಾಗದ ತೆಗೆದು ನೋಡಿ, ಕೋಚ್ ಯಾರನ್ನು ನಂಬಿದ್ದಾರೆ, ಯಾರನ್ನು ಬರೀ ಪಟ್ಟಿಗೆ ಸೇರಿಸಿದ್ದಾರೆ ಎಂಬುದು ಅದರಲ್ಲೇ ಇರುತ್ತದೆ.